ಹುಳಕ್ಕೆ ಕೈ ಬೀಸಬೇಡ

ತಮ್ಮಾ,

ದೀಪಾವಳಿಗೆ ಬಂದವನು ನಿನ್ನ ನಾಟಕದ ನೋಟ್‌ಬುಕ್ಕನ್ನು ನಮ್ಮ ಜಗಲಿಯ ಮೇಲೇ ಬಿಟ್ಟು ಹೋಗಿದ್ದೀಯ. ಕೇಳದೆ ಓದಿದೆ, ತಪ್ಪಾಯಿತು. ಒಟ್ಟು ಹದಿನೇಳು ಪುಟ. ಹದಿನೇಳನೆಯ ಪುಟದಲ್ಲಿ ಒಬ್ಬಳು ಅಜ್ಜಿ, ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದ ತನ್ನ ಹಿರಿಯರ ಕಥೆ ಹೇಳಲು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಬರವಣಿಗೆ ನಿಂತಿದೆ. ನೀನೇ ಹಾಕಿದ ತಾರೀಖು ನೋಡಿದರೆ ಎರಡು ವರ್ಷ ಹಿಂದಿನದು. ಎರಡು ವರ್ಷದಿಂದ ಆ ಮುದುಕಿ ಬಾಯಿ ತೆರೆದುಕೊಂಡೇ ಕೂತಿದ್ದಾಳೆ.

ಹಬ್ಬದ ರಾತ್ರಿ ನೀನು ಎಲ್ಲರನ್ನೂ ನಗಿಸಿದ ಮಾತು ನನಗಿನ್ನೂ ನೆನಪಿದೆ. ಬೆಂಗಳೂರಿನ ಆಟೋದವನು ಕನ್ನಡಿಯಲ್ಲಿ ನಿನ್ನ ಮುಖ, ಗುಂಗುರು ಕೂದಲು ನೋಡಿ, ‘ಕನ್ನಡ ಸಕತ್ತಾಗಿ ಮಾತಾಡ್ತೀರ ಬ್ರದರ್, ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?’ ಅಂದನಂತೆ. ನೀನು, ‘ನಾನೂರು ವರ್ಷ ಆಯ್ತು ಗುರು’ ಅಂದೆಯಂತೆ. ಜಗಲಿ ತುಂಬ ನಗು. ನಾನೂ ನಕ್ಕೆ. ಆಮೇಲೆ ನಿನ್ನ ಅಮ್ಮ ಹತ್ತಿರ ಬಂದು ಮೆಲ್ಲಗೆ, ‘ಇದನ್ನೇ ಯುಗಾದಿಗೂ ಹೇಳಿದ್ದ, ಮಾವಾ’ ಅಂದಳು. ಅದರದ್ದೇ ರೀಲ್ಸ್ ಕೂಡ ಮಾಡಿದ್ದೀಯಂತೆ, ಲಕ್ಷ ಜನ ನೋಡಿದ್ದಾರಂತೆ.

ಆ ಮಾತು ನಿನ್ನ ನಾಟಕದ್ದು, ತಮ್ಮಾ. ಪರದೆ ಸರಿದ ಕೂಡಲೇ ಬರಬೇಕಾದ ಮೊದಲ ಮಾತು. ನೋಟನ್ನು ಚಿಲ್ಲರೆ ಮಾಡಿಸಿ ದಾರಿ ಉದ್ದಕ್ಕೂ ಹಂಚಿದ ಹಾಗೆ ಅದನ್ನು ಖರ್ಚು ಮಾಡಿಬಿಟ್ಟಿದ್ದೀಯ. ನನಗೆ ಸಂಕಟವಾದದ್ದು ಅದಕ್ಕೆ. ಈ ಕಾಗದ ಬರೆಯುತ್ತಿರುವುದೂ ಅದಕ್ಕೇ.

*

ನನ್ನ ಅಪ್ಪ ಹೆಜ್ಜೇನು ಕೀಳುತ್ತಿದ್ದ. ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ ಸೊಪ್ಪಿನ ಸೂಡಿ ಹೊತ್ತಿಸಿಕೊಂಡು ಮರ ಏರುವವನು. ಕೆಳಗೆ ಕೊಡ ಹಿಡಿದು ನಿಲ್ಲುವ ಕೆಲಸ ನನ್ನದು. ಮೊದಲ ಸಲ ಹುಳವೊಂದು ಕಿವಿಯ ಹತ್ತಿರ ಗುಂಯ್ ಎಂದಾಗ ನಾನು ಕೈ ಬೀಸಿದೆ. ಮರುದಿನ ಮುಖ ಕುಂಬಳಕಾಯಿ ಆಗಿತ್ತು. ಸುಣ್ಣ ಹಚ್ಚುತ್ತ ಅಪ್ಪ ಅಂದ: ‘ಹುಳಕ್ಕೆ ಕೈ ಬೀಸಬೇಡ. ಬೀಸಿದರೆ ಒಂದರ ಬದಲು ನೂರು ಬರ್ತಾವೆ. ಕೆಳಗಿದ್ದವ ಬೀಸಿದರೆ ಮುಖ ಊದ್ತದೆ, ಅಷ್ಟೆ. ಮರದ ಮೇಲಿದ್ದವ ಬೀಸಿದರೆ ಅವನನ್ನ ಹುಳ ಕೊಲ್ಲೋದಿಲ್ಲ, ನೆಲ ಕೊಲ್ತದೆ.’

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದವನು. ಆದರೂ ಅವನ ಈ ಮಾತು ನನಗೆ ಅರ್ಥವಾಗಲು ತಲೆ ಹಣ್ಣಾಗಬೇಕಾಯಿತು. ನಾನೂ ಒಂದು ಕಾಲಕ್ಕೆ ಮರ ಏರಲು ಹೊರಟವನೇ. ಆ ಕಥೆಯನ್ನು ನಿನಗೆ ಯಾವತ್ತೂ ಹೇಳಿಲ್ಲ.

80ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನವರು ನಮ್ಮ ಮಂಚೀಕೇರಿಯ ಕಡೆ ಬಂದು, ಅಡಿಕೆ ತೋಟದ ಕೂಲಿಗೆ ಹೋಗುವ ನಮ್ಮ ಸಿದ್ದಿ ಜನರನ್ನೇ ಕಟ್ಟಿಕೊಂಡು ನಾಟಕ ಆಡಿಸಿದರು. ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿಯಿಂದ ಮಾಡಿದ ನಾಟಕ. ಬಿಳಿಯರು ಬಂದು ಆಫ್ರಿಕಾದ ಒಂದು ಊರು ಹೇಗೆ ಒಡೆದುಹೋಯಿತು ಎಂಬ ಕಥೆಯನ್ನು ನಮ್ಮವರು ಕನ್ನಡದಲ್ಲಿ ಆಡುತ್ತಿದ್ದರು. ಹಗಲು ಗೊಬ್ಬರ ಹೊತ್ತವನು ರಾತ್ರಿ ದೀಪದ ಬೆಳಕಿನಲ್ಲಿ ನಿಂತು ಮಾತಾಡಿದ್ದನ್ನು ಕೇಳಿ ನನ್ನ ಮೈ ನವಿರೆದ್ದಿತ್ತು. ಮನೆಗೆ ಬಂದು ಅದೇ ವಾರ ನಾನೊಂದು ನಾಟಕ ಶುರು ಮಾಡಿದೆ. ಮೂರು ದೃಶ್ಯ ಬರೆದೆ.

ಅಷ್ಟರಲ್ಲಿ ಒಬ್ಬರು ಬಂದು, ‘ಮಾಸ್ತರೇ, ಸಿದ್ದಿಗಳ ಮೂಲದ ಬಗ್ಗೆ ನಮ್ಮ ಸಂಚಿಕೆಗೊಂದು ಲೇಖನ ಕೊಡಿ’ ಅಂದರು. ಕೊಟ್ಟೆ. ಟೇಪ್ ರೆಕಾರ್ಡರ್ ಹೊತ್ತು ಸಂಶೋಧಕರು ಬಂದರು. ಊರೂರು ತಿರುಗಿಸಿದೆ. ಇನ್ನೊಬ್ಬರು ವೇದಿಕೆಗೆ ಕರೆದು, ‘ನಿಮ್ಮ ಸಂಸ್ಕೃತಿಯ ಬಗ್ಗೆ ಹತ್ತು ನಿಮಿಷ’ ಅಂದರು. ಹತ್ತಕ್ಕೆ ಇಪ್ಪತ್ತು ನಿಮಿಷ ಮಾತಾಡಿದೆ. ಬಸ್ಸಿನಲ್ಲಿ ಪಕ್ಕ ಕೂತವನು ‘ಯಾವ ದೇಶ?’ ಎಂದು ಕೇಳಿದರೆ ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದ ಪೋರ್ಚುಗೀಸರ ಹಡಗಿನ ಕಥೆಯನ್ನು ಇಳಿಯುವ ತನಕ ಹೇಳಿದೆ. ಜನ ತಲೆದೂಗಿದರು. ತಲೆದೂಗುವವರ ಎದುರು ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಹೀಗೆ ಇಪ್ಪತ್ತೈದು ವರ್ಷ ಹೋಯಿತು. ಸಿದ್ದಿಗಳ ಬಗ್ಗೆ ನಾನು ಆಡಿದ ಮಾತಿಗೆ ಲೆಕ್ಕವಿಲ್ಲ. ಒಬ್ಬ ಸಿದ್ದಿಯಾಗಿ, ನನ್ನ ಹೊಟ್ಟೆಯೊಳಗಿನದನ್ನು, ಒಂದು ಪುಟವೂ ಬರೆಯಲಿಲ್ಲ. ಆ ಮೂರು ದೃಶ್ಯದ ಕಾಗದವನ್ನು ಗೆದ್ದಲು ತಿಂದು ಮುಗಿಸಿದೆ.

ಕುಡಿತದಿಂದ ಹಾಳಾದವನಲ್ಲ ನಾನು, ಜೂಜಿಗೂ ಹೋದವನಲ್ಲ. ನನ್ನನ್ನು ತಿಂದದ್ದು ಉತ್ತರ ಕೊಡುವ ಚಟ. ಅದು ಚಟವೆಂದು ಯಾರೂ ಹೇಳಲಿಲ್ಲ. ಶಾಲು ಹೊದಿಸಿದರು.

*

ಇದನ್ನು ನನಗೆ ತಿಳಿಸಿಕೊಟ್ಟವರು ದೂರದೇಶದ ಒಬ್ಬ ತಾಯಿ. ಟೋನಿ ಮಾರಿಸನ್, ಅಮೆರಿಕದ ಕಪ್ಪು ಲೇಖಕಿ. 1993ರಲ್ಲಿ ನೊಬೆಲ್ ಪಡೆದವರು. ಅದಕ್ಕೂ ಬಹಳ ಮೊದಲು, 1975ರಲ್ಲಿ, ಪೋರ್ಟ್‌ಲ್ಯಾಂಡ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಮಾಡಿದ ಭಾಷಣದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಬಣ್ಣದ ಮೇಲಿನ ತಾತ್ಸಾರ ಮಾಡುವ ದೊಡ್ಡ ಕೆಲಸವೆಂದರೆ ನಮ್ಮ ಗಮನ ಕೆಡಿಸುವುದು. ನಿಮಗೆ ಭಾಷೆಯಿಲ್ಲ ಅನ್ನುತ್ತಾರೆ, ಇದೆಯೆಂದು ತೋರಿಸಲು ವರ್ಷಗಟ್ಟಲೆ ಕೂರುತ್ತೀರಿ. ಕಲೆಯಿಲ್ಲ ಅನ್ನುತ್ತಾರೆ, ಅದನ್ನು ಅಗೆದು ತಂದು ಮುಂದಿಡುತ್ತೀರಿ. ರಾಜ್ಯವಾಳಿಲ್ಲ ಅನ್ನುತ್ತಾರೆ, ಅದನ್ನೂ ಹುಡುಕಿ ತರುತ್ತೀರಿ. ಇದ್ಯಾವುದೂ ಬೇಕಿರಲಿಲ್ಲ. ಒಂದು ಮುಗಿದರೆ ಇನ್ನೊಂದು ಸಿದ್ಧವಾಗಿರುತ್ತದೆ.

ಇದನ್ನು ಓದಿದ ದಿನ ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ಸುಮ್ಮನೆ ನಿಂತೆ. ನನ್ನ ಭಾಷಣಗಳೆಲ್ಲ ಕಣ್ಣ ಮುಂದೆ ಬಂದವು. ನಾನೂ ಹಾಗೇ ಅಗೆದು ತಂದವನಲ್ಲವೇ? ‘ಮಲಿಕ್ ಅಂಬರ್ ಗೊತ್ತೇ? ಗುಲಾಮನಾಗಿ ಮಾರಿಹೋದ ಹಬ್ಶಿ ಹುಡುಗ ಅಹ್ಮದ್‌ನಗರವನ್ನೇ ನಡೆಸಿದ, ಮೊಗಲರನ್ನು ಕಾಡಿದ! ನಮ್ಮ ವಿಜಾಪುರದಲ್ಲಿ ಇಖ್ಲಾಸ್ ಖಾನ್ ಆದಿಲ್‌ಶಾಹಿಯ ಮಂತ್ರಿಯಾಗಿದ್ದ!’ ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಎಲ್ಲ ನಿಜ. ಹೆಮ್ಮೆಯೂ ಸರಿಯೇ. ಆದರೆ ಹೇಳುತ್ತಿದ್ದದ್ದು ಯಾರಿಗೆ? ನನ್ನ ಶಾಲೆಯ ಸಿದ್ದಿ ಮಕ್ಕಳಿಗೆ ಹೇಳಿದ್ದು ಎರಡೋ ಮೂರೋ ಸಲ. ಸಂಶಯದ ಕಣ್ಣಿನವರಿಗೆ ಹೇಳಿದ್ದು ನೂರು ಸಲ. ಮಂತ್ರಿಯಾಗಿದ್ದವನ ಹೆಸರು ಹೇಳಿ ಮನುಷ್ಯರೆಂದು ಒಪ್ಪಿಸಬೇಕೆ ತಮ್ಮಾ? ಗೊಬ್ಬರ ಹೊರುವವನು ಹಾಗೇ ಮನುಷ್ಯನಲ್ಲವೆ?

ಮೊಬೈಲು ಮುಚ್ಚಿಡು, ಗೆಳೆಯರ ಜೊತೆ ಅಡ್ಡಾಡಬೇಡ ಎಂದು ಯಾವ ಹುಡುಗನಿಗಾದರೂ ಹೇಳಬಹುದು. ನಿನಗೂ ಹೇಳುತ್ತೇನೆ. ಆದರೆ ಬೇರೆ ಹುಡುಗರಿಗೆ ಇಲ್ಲದ ಇನ್ನೊಂದು ಅಡ್ಡಿ ನಿನಗಿದೆ. ನೀನು ಬಾಗಿಲು ದಾಟಿದ ಕೂಡಲೇ ಊರಿಗೆ ಊರೇ ನಿನ್ನ ಮುಖ ನೋಡಿ ಪ್ರಶ್ನೆ ಕೇಳುತ್ತದೆ. ಪ್ರಶ್ನೆ ಕೇಳುವವನು ಕೆಟ್ಟವನೇ ಆಗಬೇಕಿಲ್ಲ, ಆ ಆಟೋದವನು ಒಳ್ಳೆಯವನೇ ಇರಬೇಕು. ಆದರೆ ಅವನು ಕೇಳಿದ್ದು ಒಂದು ಸಲ. ನೀನು ಉತ್ತರಿಸುವುದು ದಿನಕ್ಕೆ ಹತ್ತು ಸಲ. ಸಂಜೆ ಮನೆಗೆ ಬಂದು ಪೆನ್ನು ಹಿಡಿಯುವ ಹೊತ್ತಿಗೆ ಮಾತು ಬತ್ತಿರುತ್ತದೆ.

*

ಸನ್ನಿ ರಾಲಿನ್ಸ್ ಎಂಬ ಸ್ಯಾಕ್ಸೊಫೋನ್ ವಾದಕನ ಕಥೆ ಕೇಳು. 1930ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದವನು. ಹರೆಯದಲ್ಲಿ ಹೆರಾಯಿನ್‌ಗೆ ಬಿದ್ದು, ಚಿಕಿತ್ಸೆ ಪಡೆದು ಅದರಿಂದ ಹೊರಬಂದ. ಮೂವತ್ತು ತುಂಬುವ ಮೊದಲೇ ಜಾಸ್ ಲೋಕದಲ್ಲಿ ದೊಡ್ಡ ಹೆಸರು. 1959ರಲ್ಲಿ, ಎಲ್ಲರೂ ಹೊಗಳುತ್ತಿದ್ದಾಗಲೇ, ಅವನು ವೇದಿಕೆ ಬಿಟ್ಟ. ಜನ ಹೊಗಳುವಷ್ಟು ತಾನು ಚೆನ್ನಾಗಿ ನುಡಿಸುತ್ತಿಲ್ಲ ಎಂದು ಅವನಿಗೇ ಅನ್ನಿಸಿತ್ತು. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಪಕ್ಕದ ಮನೆಯಲ್ಲಿ ಬಸುರಿ. ಆಕೆಗೆ ತೊಂದರೆ ಬೇಡವೆಂದು ವಾದ್ಯ ಹೊತ್ತುಕೊಂಡು ವಿಲಿಯಮ್ಸ್‌ಬರ್ಗ್ ಸೇತುವೆ ಹತ್ತಿದ. ಕೆಳಗೆ ಹೊಳೆ, ಪಕ್ಕದಲ್ಲಿ ಗಡಗಡ ರೈಲು. ಮಳೆ, ಹಿಮ ಲೆಕ್ಕಿಸದೆ, ಕೆಲವು ದಿನ 15–16 ಗಂಟೆ ಅಲ್ಲಿ ನುಡಿಸಿದ. ಎರಡು ವರ್ಷ ಕಳೆದು 1961ರಲ್ಲಿ ವೇದಿಕೆಗೆ ಮರಳಿದ. ಮರುವರ್ಷ ಬಂದ ಧ್ವನಿಮುದ್ರಿಕೆಗೆ ‘ದಿ ಬ್ರಿಜ್’ ಎಂದೇ ಹೆಸರು.

ಅವನು ಹದಿನಾರು ಗಂಟೆ ದುಡಿದ ಎಂಬುದಕ್ಕಿಂತ ಅವನು ಬಿಟ್ಟದ್ದು ಏನನ್ನು ಎಂಬುದನ್ನು ನೋಡು. ಹೆರಾಯಿನ್ ಅವನು ಮೊದಲೇ ಬಿಟ್ಟಿದ್ದ. ಈಗ ಬಿಟ್ಟದ್ದು ಚಪ್ಪಾಳೆ. ಎರಡನೆಯದು ಹೆಚ್ಚು ಕಷ್ಟದ್ದಿರಬೇಕು, ಯಾಕೆಂದರೆ ಅದನ್ನು ಬಿಡು ಎಂದು ಯಾರೂ ಹೇಳುವುದಿಲ್ಲ.

ನಿನಗೂ ಚಪ್ಪಾಳೆ ಬರುತ್ತಿದೆ. ಉತ್ಸವಗಳ ಸೀಸನ್ನಿನಲ್ಲಿ ವಾರಕ್ಕೆರಡು ಕಡೆ ಡಮಾಮಿ ಕುಣಿಯಲು ಕರೆ. ನನ್ನನ್ನೂ ಒಮ್ಮೆ ತಂಡದ ಜೊತೆ ಕರೆದುಕೊಂಡು ಹೋಗಿದ್ದರು. ಸಂಘಟಕರೊಬ್ಬರು ಬಂದು, ‘ಪಂಚೆ ಬೇಡ, ಸೊಪ್ಪು ಕಟ್ಟಿಕೊಳ್ಳಿ, ಮುಖಕ್ಕೆ ಬಿಳಿ ಚುಕ್ಕೆ ಇಡಿ, ಆಫ್ರಿಕಾ ಥರ ಕಾಣಬೇಕು’ ಅಂದರು. ನಮ್ಮ ಹಟ್ಟಿಯಲ್ಲಿ ರಾತ್ರಿಯಿಡೀ ನಡೆಯುವ ಡಮಾಮಿಗೆ ಅಲ್ಲಿ ಏಳು ನಿಮಿಷ, ಎರಡು ಭಾಷಣಗಳ ನಡುವೆ. ನಾವು ಆಫ್ರಿಕಾ ನೋಡಿದವರಲ್ಲ. ಅವರೂ ನೋಡಿದವರಲ್ಲ. ಅವರ ತಲೆಯೊಳಗಿದ್ದ ಆಫ್ರಿಕಾವನ್ನು ನಾವು ಕುಣಿದು ಬಂದೆವು. ಇದೂ ಉತ್ತರವೇ, ತಮ್ಮಾ. ಕಾಲಿನಿಂದ ಕೊಡುವ ಉತ್ತರ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ನಮ್ಮ ಹಾಡಿಗಳಿಗೆ ಬಂದದ್ದು ನೆನಪಿದೆ. ಸಿದ್ದಿ ಮಕ್ಕಳು ಹುಟ್ಟಾ ಓಟಗಾರರು, ಆಫ್ರಿಕಾದ ರಕ್ತ ಎಂದು ಆರಿಸಿ ತರಬೇತಿಗೆ ಕರೆದೊಯ್ದರು. ಒಳ್ಳೆಯ ಊಟ ಸಿಕ್ಕಿತು, ಪದಕ ಬಂತು, ಕೆಲವರಿಗೆ ನೌಕರಿಯೂ ಆಯಿತು. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು, ಉಳಿದ ಮಕ್ಕಳು ತಿರುಗಿ ತೋಟದ ಕೂಲಿಗೆ ಬಂದರು. ಅವರಲ್ಲಿ ಚಿತ್ರ ಬರೆಯುವವನೊಬ್ಬನಿದ್ದ, ಲೆಕ್ಕದಲ್ಲಿ ಜಾಣನೊಬ್ಬನಿದ್ದ. ನಾನು ಮಾಸ್ತರನಾಗಿ ಕಂಡದ್ದು ಇದು. ಅವರಿಗೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ, ಕಾಲು ನೋಡಿದರು. ಈಗ ಧಾರಾವಾಹಿಯವರು ನಿನ್ನನ್ನು ಕರೆದು ರೌಡಿಯ ಹಿಂದೆ ನಿಲ್ಲಿಸುತ್ತಾರೆ. ಮಾತಿಲ್ಲದ ಪಾತ್ರ. ಮೈ ಬೇಕು, ಬಾಯಿ ಬೇಡ.

ಹೋಗಬೇಡ ಅನ್ನುವುದಿಲ್ಲ. ರೂಮಿನ ಬಾಡಿಗೆ ಕಟ್ಟಬೇಕಲ್ಲ. ಅಡಿಕೆ ಕೊಯ್ಲಿಗೆ ಹೋದ ಹಾಗೆ ಹೋಗಿ ಬಾ. ಕೂಲಿ ಎಣಿಸಿ ತಗೊ, ತೋಟದ ಒಡೆಯನ ಚಿಂತೆಯನ್ನು ಮನೆಗೆ ಹೊತ್ತು ತರಬೇಡ. ಆದರೆ ತಿಂಗಳಿಗೆ ಎಂಟು ಉತ್ಸವ ಇದ್ದಲ್ಲಿ ಎರಡು ಸಾಕು. ಉಳಿದ ಆರರ ದುಡ್ಡಿಲ್ಲದೆ ನಿನ್ನ ಬದುಕು ನಡೆಯುತ್ತದೋ ಇಲ್ಲವೋ ಕಾಗದದ ಮೇಲೆ ಲೆಕ್ಕ ಹಾಕು. ನಡೆಯುತ್ತದೆ ಅಂತಾದರೆ, ಇಷ್ಟು ದಿನ ನೀನು ಹೋದದ್ದು ದುಡ್ಡಿಗಲ್ಲ ಎಂದು ತಿಳಿ.

ಕುಡಿತದ ಬಗ್ಗೆ ಉದ್ದ ಭಾಷಣ ಮಾಡುವುದಿಲ್ಲ. ನಮ್ಮ ಹಾಡಿಯಲ್ಲಿ ಅದು ಏನೇನು ಮಾಡಿದೆ ಎಂದು ನಿನಗೂ ಗೊತ್ತು. ಜಾನ್ ಕಾಲ್ಟ್ರೇನ್ ಎಂಬ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ 1957ರಲ್ಲಿ ಹೆರಾಯಿನ್ ಮತ್ತು ಹೆಂಡ ಎರಡನ್ನೂ ಬಿಟ್ಟ. 1967ರಲ್ಲಿ, 40ನೆಯ ವಯಸ್ಸಿಗೆ, ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡ. ಇಂದು ಅವನ ಹೆಸರು ನಿಂತಿರುವುದು ಬಹುಪಾಲು ಆ ಹತ್ತು ವರ್ಷದ ಕೆಲಸದ ಮೇಲೆ. ಅವನು ಇನ್ನೂ ಐದು ವರ್ಷ ತಡ ಮಾಡಿದ್ದರೆ ಎಷ್ಟು ಉಳಿಯುತ್ತಿತ್ತು, ನೀನೇ ಕಳೆದು ನೋಡು.

*

ಇಷ್ಟು ಓದಿ, ‘ಹಾಗಾದರೆ ಎಲ್ಲ ಬಿಟ್ಟು ಬೆಂಗಳೂರಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತೇನೆ, ಊರಿಗೂ ಬರುವುದಿಲ್ಲ’ ಎಂದು ಹೊರಡಬೇಡ. ಬಿಡುವುದರಲ್ಲೂ ವಿವೇಕ ಬೇಕು. ಕಳೆ ಕೀಳುವ ಭರದಲ್ಲಿ ಸಸಿ ಕಿತ್ತವರನ್ನು ನಾನು ಕಂಡಿದ್ದೇನೆ.

ಜೇಮ್ಸ್ ಬಾಲ್ಡ್ವಿನ್ ಎಂಬ ಹಾರ್ಲೆಮ್ ಹುಡುಗ 1948ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಕಿಸೆಯಲ್ಲಿ 40 ಡಾಲರ್ ಇಟ್ಟುಕೊಂಡು ಅಮೆರಿಕ ಬಿಟ್ಟು ಪ್ಯಾರಿಸ್ಸಿಗೆ ಹೋದ. ಅಲ್ಲೇ ಇದ್ದರೆ ಸಿಟ್ಟೇ ತನ್ನನ್ನು ತಿಂದುಹಾಕುತ್ತದೆ ಎಂಬ ಭಯ ಅವನಿಗೆ. ವರ್ಷಗಟ್ಟಲೆ ಬರೆದರೂ ಮೊದಲ ಕಾದಂಬರಿ ಮುಗಿಯಲಿಲ್ಲ. ಕೊನೆಗೆ ಗೆಳೆಯನೊಬ್ಬನ ಮನೆಯವರ ಆಸರೆಯಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಸಣ್ಣ ಹಳ್ಳಿಗೆ ಹೋದ. ಅಲ್ಲಿಯ ಜನ ಕಪ್ಪು ಮನುಷ್ಯನನ್ನೇ ನೋಡಿದವರಲ್ಲ. ಮಕ್ಕಳು ಬೀದಿಯಲ್ಲಿ ಕೂಗುತ್ತಿದ್ದರು. ಕೂದಲು ಮುಟ್ಟಿ ನೋಡುವವರಿದ್ದರು, ಬಣ್ಣ ಹೋಗುತ್ತದೆಯೇ ಎಂದು ಕೈ ಉಜ್ಜಿ ನೋಡುವವರೂ ಇದ್ದರು. ನಿನಗೆ ಹೊಸದಲ್ಲ ಇದು, ನನಗೂ ಅಲ್ಲ. ಹಾಸ್ಟೆಲಿನ ಮೊದಲ ವಾರ ನನ್ನ ತಲೆ ಮುಟ್ಟದ ಹುಡುಗ ಇರಲಿಲ್ಲ. ಅಂಥ ಊರಿನಲ್ಲಿ ಕೂತು ಬಾಲ್ಡ್ವಿನ್ 1952ರ ಹೊತ್ತಿಗೆ ಕಾದಂಬರಿ ಮುಗಿಸಿದ, ಮರುವರ್ಷ ಅದು ಅಚ್ಚಾಯಿತು. ಆ ಹಳ್ಳಿಯ ನೋಟಕ್ಕೂ ಅವನು ಉತ್ತರ ಬರೆದ. ಆದರೆ ಬೀದಿಯಲ್ಲಿ ನಿಂತಲ್ಲ. ಹೊಟ್ಟೆಯಲ್ಲಿಟ್ಟುಕೊಂಡು, ಕಾಯಿಸಿ, ಪ್ರಬಂಧವಾಗಿ ಬರೆದು 1953ರಲ್ಲಿ ಪ್ರಕಟಿಸಿದ. ಬೀದಿಯಲ್ಲಿ ಕೂಗಿದ ಮಕ್ಕಳು ಈಗ ಮುದುಕರಾಗಿರಬೇಕು, ಪ್ರಬಂಧ ಇನ್ನೂ ಓದಿಸಿಕೊಳ್ಳುತ್ತಿದೆ.

ಆ ಹಳ್ಳಿಗೆ ಹೋಗುವಾಗ ಅವನು ಎಲ್ಲ ಬಿಟ್ಟು ಹೋಗಲಿಲ್ಲ. ಟೈಪ್‌ರೈಟರಿನ ಜೊತೆಗೆ ಬೆಸಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಎರಡು ಗ್ರಾಮಫೋನ್ ತಟ್ಟೆ ಒಯ್ದಿದ್ದ. ಚಿಕ್ಕವನಿದ್ದಾಗ ತನ್ನ ಮನೆಯವರು ಹೇಗೆ ಮಾತಾಡುತ್ತಿದ್ದರು, ಆ ಲಯ ಮರೆತುಹೋಗಿತ್ತು, ಅದರ ಬಗ್ಗೆ ಒಳಗೊಳಗೇ ನಾಚಿಕೆಯೂ ಇತ್ತು. ಆ ಹಾಡು ದಿನವೂ ಕೇಳಿ ಆ ಮಾತನ್ನು ಮರಳಿ ಪಡೆದ. ಸೋಜಿಗ ನೋಡು, ಪಿಟ್ಸ್‌ಬರ್ಗಿನ ನಾಟಕಕಾರ ಆಗಸ್ಟ್ ವಿಲ್ಸನ್‌ನ ಬಾಳು ತಿರುಗಿದ್ದೂ ಅದೇ ಗಾಯಕಿಯ ಒಂದು ತಟ್ಟೆಯಿಂದ. ಹಳೆ ಸಾಮಾನಿನ ಅಂಗಡಿಯಲ್ಲಿ ಐದು ಸೆಂಟಿಗೆ ಸಿಕ್ಕ ತಟ್ಟೆಯನ್ನು ಮತ್ತೆ ಮತ್ತೆ ಹಾಕಿ ಕೇಳಿ, ಇವು ನನ್ನ ಜನರ ದನಿ ಎಂದು ಕಂಡುಕೊಂಡ.

ಈ ವಿಲ್ಸನ್ ನಿನಗೆ ಹತ್ತಿರದವನು. ಹದಿನೈದು ವರ್ಷದವನಿದ್ದಾಗ ನೆಪೋಲಿಯನ್ ಬಗ್ಗೆ ಬರೆದ ಪ್ರಬಂಧವನ್ನು ‘ಇದು ನೀನು ಬರೆದದ್ದಲ್ಲ’ ಎಂದು ಮೇಷ್ಟ್ರು ಅನುಮಾನಿಸಿದರು. ಹುಡುಗ ಶಾಲೆ ಬಿಟ್ಟ. ಬಿಟ್ಟವನು ಬೀದಿಗೆ ಬೀಳಲಿಲ್ಲ. ಕಾರ್ನೆಗಿ ಗ್ರಂಥಾಲಯದಲ್ಲಿ ಕೂತು ಓದಿದ. ಅಕ್ಕನಿಗೆ ಕಾಲೇಜಿನ ಪ್ರಬಂಧ ಬರೆದುಕೊಟ್ಟು ಬಂದ 20 ಡಾಲರಿನಲ್ಲಿ 1965ರಲ್ಲಿ ಹಳೆಯ ಟೈಪ್‌ರೈಟರ್ ಕೊಂಡ. ಅಡಿಗೆ ಕೆಲಸವನ್ನೂ ಮಾಡಿದ. 20ನೇ ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ಕಪ್ಪು ಜನರ ಬಾಳಿನ ಹತ್ತು ನಾಟಕ ಬರೆದು, 1987 ಮತ್ತು 1990ರಲ್ಲಿ ಪುಲಿಟ್ಜರ್ ಪಡೆದು, ಹತ್ತನೆಯದು ರಂಗಕ್ಕೆ ಬಂದ 2005ರಲ್ಲೇ ತೀರಿಕೊಂಡ. ಆ ನಾಟಕಗಳ ಮಾತೆಲ್ಲ ಎಲ್ಲಿಂದ ಬಂತು? ತನ್ನ ಕೇರಿಯ ಸಿಗಾರ್ ಅಂಗಡಿಯಲ್ಲಿ, ಹೋಟೆಲಿನಲ್ಲಿ ಹರಟುವ ಮುದುಕರ ಹತ್ತಿರ ಕೂತು ಕೇಳಿದ್ದರಿಂದ.

ಆದ್ದರಿಂದ ನಿನ್ನ ಅಜ್ಜಿಯ ಹತ್ತಿರ ಕೂತ ಹೊತ್ತು ವ್ಯರ್ಥವಲ್ಲ. ಸಿದ್ದಿನಾಸನ ಪೂಜೆಗೆ ಬಾ, ಸತ್ತವರ ಮನೆಗೆ ಹೋಗು, ಹಟ್ಟಿಯಲ್ಲಿ ಡಮಾಮಿ ಬಾರಿಸಿದರೆ ಬೆಳಗಿನ ತನಕ ಕುಣಿ. ಅಲ್ಲಿ ನಿನ್ನನ್ನು ಯಾರೂ ‘ನೀನು ಯಾರು’ ಎಂದು ಕೇಳುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಗೊತ್ತಾಗದಿದ್ದರೆ ಒಂದೇ ಅಳತೆ ಕೊಡುತ್ತೇನೆ. ಅಲ್ಲಿಂದ ಎದ್ದು ಬರುವಾಗ ನಿನ್ನೊಳಗೆ ಮಾತು ಹೆಚ್ಚಿತೋ, ಖಾಲಿಯಾಯಿತೋ ನೋಡು.

*

ನಿನ್ನ ಬಿಸಿರಕ್ತ ಒಂದು ಪ್ರಶ್ನೆ ಕೇಳುತ್ತದೆ, ಕೇಳಬೇಕು ಕೂಡ: ‘ಎಲ್ಲರೂ ಹೀಗೆ ಬಾಯಿ ಮುಚ್ಚಿಕೊಂಡು ಕೂತರೆ ನಮ್ಮ ಜನರ ಗತಿಯೇನು, ಅಜ್ಜ?’

ನಮ್ಮನ್ನು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅದು ಸುಮ್ಮನೆ ಆದದ್ದಲ್ಲ. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು, ಧರಣಿ ಕೂತವರು ನಮ್ಮಲ್ಲೇ ಇದ್ದರು. ಉಳುಮೆ ಮಾಡಿದ ಅರಣ್ಯ ಭೂಮಿಯ ಪಟ್ಟೆಗಾಗಿ ಇನ್ನೂ ಅಲೆಯುತ್ತಿದ್ದಾರೆ. ಅಲ್ಲಿ ಉತ್ತರ ಕೊಡಬೇಕು, ಗಟ್ಟಿಯಾಗಿ ಕೊಡಬೇಕು, ನಿನ್ನ ಸರದಿ ಬಂದಾಗ ನೀನೂ ಹೋಗಿ ಕೂರಬೇಕು. ಬಾಲ್ಡ್ವಿನ್ ಕೂಡ 1957ರಲ್ಲಿ ಅಮೆರಿಕಕ್ಕೆ ತಿರುಗಿ ಹೋಗಿ, ಕಪ್ಪು ಜನರ ಹಕ್ಕಿನ ಹೋರಾಟ ನಡೆಯುತ್ತಿದ್ದ ದಕ್ಷಿಣದ ಊರುಗಳನ್ನು ಸುತ್ತಿದ. ಹಕ್ಕು ಕೇಳುವುದು ಒಂದು, ಕುತೂಹಲ ತಣಿಸುವುದು ಇನ್ನೊಂದು. ಮೊದಲನೆಯದರಲ್ಲಿ ಪಟ್ಟೆ ಸಿಗುತ್ತದೆ, ಶಾಲೆ ಬರುತ್ತದೆ. ಎರಡನೆಯದರಲ್ಲಿ ‘ಓಹೋ ಹೌದಾ’ ಎಂಬ ಎರಡು ಶಬ್ದ ಸಿಗುತ್ತದೆ. ಎರಡನ್ನೂ ಒಂದೇ ಎಂದು ತಿಳಿದದ್ದೇ ನನ್ನ ತಪ್ಪು.

ಇನ್ನೊಂದು ಮಾತು ನಿನಗೆ ರುಚಿಸಲಿಕ್ಕಿಲ್ಲ. ರಾಲಿನ್ಸ್ ಸೇತುವೆಯ ಮೇಲೆ ನಿಂತ ಕಾಲಕ್ಕೆ ಸಂಸಾರ ಸಾಗಿದ್ದು ಜೊತೆಗಾತಿ ಲೂಸಿಲ್ ಅವರ ಸಂಬಳದಿಂದ. ಗಂಡಸಿನ ತ್ಯಾಗದ ಕಥೆಗಳಲ್ಲಿ ಹೀಗೆ ಬಿಲ್ಲು ಕಟ್ಟಿದವಳ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದ ಮಾರಿಸನ್ ಅವರಿಗೆ ಹೋಗಲು ಸೇತುವೆಯೇ ಇರಲಿಲ್ಲ. ಪ್ರಕಾಶನ ಸಂಸ್ಥೆಯಲ್ಲಿ ನೌಕರಿ ಮಾಡುತ್ತ, ಬೆಳಕು ಹರಿಯುವ ಮೊದಲು ಎದ್ದು, ಮಕ್ಕಳು ಏಳುವ ತನಕ ಬರೆದರು. ನೀನು ಬರೆಯಲು ಕೂತಾಗ ಯಾರು ಹಸಿದಿದ್ದಾರೆ, ಯಾರು ನಿನ್ನ ಪಾಲಿನ ಕೆಲಸ ಮಾಡುತ್ತಿದ್ದಾರೆ ಎಂದು ಒಮ್ಮೆ ತಿರುಗಿ ನೋಡು. ನಿನ್ನ ಅಮ್ಮ ಈಗಲೂ ಕೂಲಿಗೆ ಹೋಗುತ್ತಾಳೆ. ಅವಳಿಗೆ ತಿಂಗಳ ದುಡ್ಡು ತಪ್ಪಿಸಿ ಮಾಡಿದ ತಪಸ್ಸಿಗೆ ನನ್ನ ಆಶೀರ್ವಾದ ಇಲ್ಲ.

ಸೇತುವೆಗಿಂತ ನಸುಕು ನಿನಗೆ ಸರಿಹೊಂದುತ್ತದೆ. ಐದರಿಂದ ಏಳು, ದಿನಕ್ಕೆ ಎರಡೇ ತಾಸು. ಆ ಹೊತ್ತಿಗೆ ಆಟೋದವನೂ ಮಲಗಿರುತ್ತಾನೆ, ಧಾರಾವಾಹಿಯವನೂ ಮಲಗಿರುತ್ತಾನೆ, ನಿನ್ನನ್ನು ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ಫೋನನ್ನು ಹಿಂದಿನ ರಾತ್ರಿಯೇ ಅಕ್ಕಿ ಡಬ್ಬಿಯೊಳಗೆ ಹಾಕು, ಅನ್ನಕ್ಕೆ ಇಡುವಾಗ ಹೊರಗೆ ತೆಗೆ. ಯಾರಾದರೂ ಚುಚ್ಚಿದ ಮಾತಿಗೆ ಒಳ್ಳೆಯ ಉತ್ತರ ಹೊಳೆದರೆ ಅದನ್ನು ಆಡಬೇಡ. ನಕ್ಕು, ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆ. ಯಾವ ಪಾತ್ರದ ಬಾಯಿಗೆ ಅದು ಹೊಂದುತ್ತದೆ ನೋಡು. ಬರೆಯುವ ಮೊದಲು ಕಥೆಯನ್ನು ಯಾರಿಗೂ ಹೇಳಬೇಡ. ಬಾಯಲ್ಲಿ ಮುಗಿದ ಕಥೆ ಕೈಗೆ ಇಳಿಯುವುದಿಲ್ಲ, ಇದು ನನ್ನ ಇಪ್ಪತ್ತೈದು ವರ್ಷದ ಅನುಭವ.

*

ನಿನ್ನ ಅಜ್ಜಿ ಕವಂದಿ ಹೊಲಿಯುವುದನ್ನು ನೋಡಿದ್ದೀಯಲ್ಲ. ಹರಿದ ಸೀರೆ, ಹಳೆಯ ಅಂಗಿ, ಶಾಲೆಯ ಸಮವಸ್ತ್ರದ ತುಂಡು ಎಲ್ಲ ಸೇರಿಸಿ ಕೌದಿ ಮಾಡುತ್ತಾಳೆ. ಮೂಲೆಯೊಂದರಲ್ಲಿ ಶುರು ಮಾಡಿ, ಅಂಚಿನ ಗುಂಟ ಸುತ್ತು ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾಳೆ. ಎಲ್ಲ ಮುಗಿದರೂ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫೂಲ್’ ಇಡದೆ ಅದನ್ನು ಯಾರಿಗೂ ಹೊದಿಸುವುದಿಲ್ಲ. ಫೂಲ್ ಇಲ್ಲದ ಕವಂದಿ ಬತ್ತಲೆ ಎನ್ನುತ್ತಾಳೆ. ಅಂಗಳಕ್ಕೆ ಬಂದವರು, ‘ಇದೇನು ಬಣ್ಣ, ಇದ್ಯಾಕೆ ಇಲ್ಲಿ?’ ಎಂದು ಕೇಳುತ್ತಾರೆ. ಅವಳ ಬಾಯಲ್ಲಿ ದಾರ ಇರುತ್ತದೆ. ಹೂಂ ಅನ್ನುತ್ತಾಳೆ, ಹೊಲಿಯುತ್ತಾಳೆ. ನಾನು ಓದಿದ ಪುಸ್ತಕಗಳಲ್ಲೆಲ್ಲ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ. ಅದು ನಮ್ಮ ಅಂಗಳದಲ್ಲೇ ಇತ್ತು, ನಾನು ಬಸ್ಸಿನಲ್ಲಿ ಪಕ್ಕದವನಿಗೆ ಹಡಗಿನ ಕಥೆ ಹೇಳುತ್ತಿದ್ದೆ.

ನೋಟ್‌ಬುಕ್ಕನ್ನು ನಾಳೆ ಯಲ್ಲಾಪುರದಿಂದ ಬೆಂಗಳೂರು ಬಸ್ಸಿಗೆ ಕೊಡುತ್ತೇನೆ. ಖಾಲಿ ಹಾಳೆ ಎಣಿಸಿದೆ, ಎಪ್ಪತ್ತೊಂಬತ್ತು ಪುಟ ಇವೆ. ಅಜ್ಜಿ ಬಾಯಿ ತೆರೆದುಕೊಂಡು ಕಾಯುತ್ತಿದ್ದಾಳೆ, ಮೊದಲು ಅವಳಿಗೆ ಮಾತು ಕೊಡು.

ನಾನು ಮುದುಕ, ನನಗೂ ಚಟ ಬಿಡಲಿಲ್ಲ. ಯುಗಾದಿಗೆ ನೀನು ಬಂದಾಗ ಜಗಲಿಯ ಮೇಲೆ ಕೂತು, ‘ನಾಟಕ ಎಲ್ಲಿಗೆ ಬಂತು?’ ಎಂದು ಕೇಳಿಯೇ ಕೇಳುತ್ತೇನೆ.

ಉತ್ತರ ಕೊಡಬೇಡ.

ನಿನ್ನ
ಮಾಸ್ತರ ಅಜ್ಜ